ಮುಚ್ಚಳದ ಒಳಗಿನ ಮೂರನೆಯ ಗುಂಡಿ

೯ ಜನವರಿ ೧೯೮೯, ಸೋಮವಾರ. ಇಳಕಲ್ಲ

ನಾನು ಇದುವರೆಗೆ ದಿನಚರಿ ಬರೆದವನಲ್ಲ. ಬರೆಯುವಂಥದ್ದೇನಾದರೂ ನಡೆದರೆ ಮನೆಗೆ ಹೋಗಿ ಬಸಲಿಂಗವ್ವನ ಮುಂದೆ ಹೇಳಿದರೆ ಮುಗಿಯುತ್ತಿತ್ತು. ಇವತ್ತು ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕಂಪ್ಯೂಟರಿನ ಸುದ್ದಿ ಇನ್ನೊಮ್ಮೆ ಎತ್ತಿದರೆ ನಾಳೆಯಿಂದ ರೊಟ್ಟಿ ನೀವೇ ಬಡಿದುಕೊಳ್ಳಿ ಎಂದುಬಿಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಕಿವಿ ಮುಚ್ಚಿಸಿದ ವಸ್ತು ಇದೊಂದೇ. ಆದ್ದರಿಂದ ಹಾಳೆಗೆ ಹೇಳುತ್ತಿದ್ದೇನೆ. ಹಾಳೆಯೂ ಆ ಮಷೀನಿನದೇ. ಅದರ ಜೊತೆ ಬಂದ ಪ್ರಿಂಟರು ಮೊದಲ ದಿನವೇ ಕೆಡಿಸಿ ಉಗುಳಿದ ಉದ್ದನೆಯ ಹಾಳೆ. ಎರಡೂ ಅಂಚಿಗೆ ತೂತು, ಬೆನ್ನು ಖಾಲಿ.

ನಾನು ನೇಕಾರರ ಸೊಸೈಟಿಯಲ್ಲಿ ಇಪ್ಪತ್ತೇಳು ವರ್ಷದಿಂದ ನಕ್ಷೆ ಬರೆಯುವವನು. ಸೀರೆಯ ಅಂಚಿಗೆ, ಸೆರಗಿಗೆ ಹೊಸ ವಿನ್ಯಾಸ ಬೇಕೆಂದರೆ ಚೌಕದ ಹಾಳೆಯ ಮೇಲೆ ಅದನ್ನು ಮೂಡಿಸಿಕೊಡುವುದು ನನ್ನ ಕಾಯಕ. ತುಂಬಿದ ಚೌಕ ಎಂದರೆ ಎಳೆ ಮೇಲೆ, ಖಾಲಿ ಚೌಕ ಎಂದರೆ ಎಳೆ ಕೆಳಗೆ. ನೇಕಾರ ಅದನ್ನು ಎಣಿಸುತ್ತ ನೇಯುತ್ತಾನೆ. ಒಂದು ಚೌಕ ತಪ್ಪಿದರೆ ಯಾವಳೋ ಮದುಮಗಳ ಅಂಚಿನಲ್ಲಿ ನವಿಲಿಗೆ ಮೂರು ಕಾಲು ಬರುತ್ತವೆ. ನನ್ನ ಕೈಯಲ್ಲಿ ಒಂದು ನವಿಲಿಗೂ ಬಂದಿಲ್ಲ.

ಈಗ ಆ ಕೆಲಸವನ್ನು ಮಷೀನು ಮಾಡುತ್ತದಂತೆ. ಬಾಗಲಕೋಟೆಯ ಅಂಗಡಿಯವರು ಪರೀಕ್ಷೆಗೆಂದು ಕೊಟ್ಟಿದ್ದಾರೆ. ಮಾರ್ಚ್ ಹದಿನೆಂಟರ ಗಡುವು. ಚೇರ್ಮನ್ ಹೊಳಬಸಪ್ಪನವರು ನನ್ನನ್ನು ಕರೆದು ಸುತ್ತು ಬಳಸದೆ ಹೇಳಿದರು.

"ಅಮಾತೆಪ್ಪನವರ, ಮಷೀನ ನಡದ್ರ ನೀವು ಬಾದಾಮಿ ಅಂಗಡಿಗೆ ಹೋಗ್ರಿ. ನಡೀಲಿಲ್ಲಂದ್ರ ಅದು ಬಾಗಲಕೋಟಿಗೆ ವಾಪಸ್ ಹೋಗ್ತೈತಿ. ಇಬ್ಬರೊಳಗ ಒಬ್ಬರು ಇರ್ರಿ."

ಬಾದಾಮಿಯ ಅಂಗಡಿ ಎಂದರೆ ಗುಹೆ ನೋಡಲು ಬಂದವರಿಗೆ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವುದು, ನಡುನಡುವೆ ಮಂಗಗಳನ್ನು ಓಡಿಸುವುದು. ಐವತ್ತಾರನೆಯ ವಯಸ್ಸಿಗೆ ನನಗೆ ಮಂಗಗಳ ಸೇವೆ ಬರೆದಿದೆಯೋ ಇಲ್ಲವೋ ನೋಡಿಯೇಬಿಡೋಣ.

೧೧ ಜನವರಿ, ಬುಧವಾರ

ಮಷೀನು ನಡೆಸಲು ಒಬ್ಬ ಹುಡುಗಿಯನ್ನು ತೆಗೆದುಕೊಂಡಿದ್ದಾರೆ. ಹೆಸರು ಸಂಗವ್ವ, ವಯಸ್ಸು ಇಪ್ಪತ್ತೆರಡು, ನಮ್ಮ ಊರಿನ ನೇಕಾರರ ಮಗಳೇ. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಂಪ್ಯೂಟರು ಕಲಿತು ಬಂದವಳು. ಅವಳ ಕೆಲಸವೂ ಮಷೀನಿಗೆ ಗಂಟು ಹಾಕಿದ್ದು. ಅದು ಹೋದರೆ ಅವಳೂ ಮನೆಗೆ ಹೋಗಿ ಮೊದಲಿನಂತೆ ರಾಟೆಯ ಮುಂದೆ ಕೂತು ನೂಲಿನ ಕಂಡಿಕೆ ಸುತ್ತಬೇಕು.

ಹುಡುಗಿ ಒಳ್ಳೆಯವಳು. ಅದೇ ತೊಂದರೆ. ನಾನು ಶತ್ರುಪಾಳಯ ನೋಡಲು ಹೋದರೆ ಕುರ್ಚಿ ಹಾಕಿ ಕೂರಿಸಿ ಎಲ್ಲವನ್ನೂ ವಿವರಿಸಿದಳು. ಡಾಸ್ ಎಂಬುದು ಮಷೀನಿನ ಯಜಮಾನ. ನಕ್ಷೆ ಬಿಡಿಸುವ ಪ್ರೋಗ್ರಾಮು ಅವನ ಕೈಕೆಳಗಿನ ಆಳು. ಆಳಿನ ಮಾತು ಪ್ರಿಂಟರಿಗೆ ತಿಳಿಯುವುದಿಲ್ಲ, ಅದಕ್ಕೆ ಇಬ್ಬರ ನಡುವೆ ಡ್ರೈವರ್ ಎಂಬ ದುಭಾಷಿ ಬೇಕು. ಬೆಳಿಗ್ಗೆ ಏಳುತ್ತಲೇ ಯಾರು ಯಾರನ್ನು ಕೆಲಸಕ್ಕೆ ಕರೆಯಬೇಕೆಂದು ಯಜಮಾನ ಒಂದು ಚೀಟಿ ನೋಡಿಕೊಳ್ಳುತ್ತಾನಂತೆ. ಆ ಚೀಟಿಯನ್ನೂ ಪರದೆಯ ಮೇಲೆ ತೋರಿಸಿದಳು. ಬರೀ ಮೂರು ಸಾಲು ಇಂಗ್ಲಿಷು.

ನನಗೆ ಅರ್ಥವಾಗಲಿಲ್ಲ, ಆದರೆ ಕೈ ಸುಮ್ಮನಿರಲಿಲ್ಲ. ಕಣ್ಣೆದುರು ಏನು ಬಂದರೂ ಚೌಕದ ಪುಸ್ತಕಕ್ಕೆ ಇಳಿಸಿಕೊಳ್ಳುವುದು ನನ್ನ ಹಳೆಯ ಚಟ. ಗುಡಿಯ ಜಾಲಂಧ್ರ, ಬಸ್ಸಿನ ಸೀಟಿನ ಬಟ್ಟೆ, ಯಾವುದನ್ನೂ ಬಿಟ್ಟವನಲ್ಲ. ಒಂದು ಚೌಕಕ್ಕೆ ಒಂದು ಅಕ್ಷರದಂತೆ ಮೂರೂ ಸಾಲು ಇಳಿಸಿಕೊಂಡೆ. ಸಂಗವ್ವ ಅದನ್ನು ನೋಡಿ ನನಗೆ ಮಷೀನಿನ ಮೇಲೆ ಪ್ರೀತಿ ಹುಟ್ಟಿದೆ ಎಂದುಕೊಂಡಳು. ಪಾಪ.

೧೭ ಜನವರಿ, ಮಂಗಳವಾರ

ನಾಲ್ಕು ನಿಮಿಷ. ತೋಪು ತೆನೆ ಎಂಬ ನಮ್ಮ ಊರಿನ ಹಳೆಯ ವಿನ್ಯಾಸದ ಇಡೀ ಸೆರಗು ನಾಲ್ಕು ನಿಮಿಷದಲ್ಲಿ ಹೊರಗೆ ಬಂತು. ನನಗೆ ಎರಡೂವರೆ ದಿನ ಬೇಕು.

ಭೂತಗನ್ನಡಿ ಹಿಡಿದು ಮೂಲೆಮೂಲೆ ಹುಡುಕಿದೆ. ಒಂದು ಚೌಕವೂ ತಪ್ಪಿರಲಿಲ್ಲ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ, ಓದುವವನು ನಾನೊಬ್ಬನೇ.

೧೯ ಜನವರಿ, ಗುರುವಾರ

ಸಂಗವ್ವ ಊಟಕ್ಕೆ ಹೋದಾಗ ಪ್ರಿಂಟರಿನ ಮುಚ್ಚಳ ತೆಗೆದು ನೋಡಿದೆ. ಮಸಿಪಟ್ಟಿಯ ಹಿಂದೆ, ಯಾರ ಕಣ್ಣಿಗೂ ಬೀಳದ ಸಂದಿಯಲ್ಲಿ, ಎಂಟು ಪುಟ್ಟ ಬಿಳಿ ಗುಂಡಿಗಳು ಸಾಲಾಗಿ ಕೂತಿವೆ. ಅಕ್ಕಿಕಾಳಿನಷ್ಟು ದೊಡ್ಡವು. ಕೆಲವು ಮೇಲಕ್ಕಿವೆ, ಕೆಲವು ಕೆಳಕ್ಕಿವೆ. ಇದನ್ನು ಸಂಗವ್ವ ನನಗೆ ತೋರಿಸಿರಲಿಲ್ಲ. ಅವಳಿಗೂ ಯಾರೂ ತೋರಿಸಿರಲಿಕ್ಕಿಲ್ಲ.

ಪ್ರಿಂಟರಿನ ಪುಸ್ತಕ ಕಪಾಟಿನಲ್ಲಿತ್ತು. ಇಂಗ್ಲಿಷ್ ಓದಿದರೆ ನನಗೆ ತಲೆನೋವು. ಆದರೆ ನಲವತ್ತನೆಯ ಪುಟದಲ್ಲಿ ಒಂದು ಕೋಷ್ಟಕವಿತ್ತು: ಎಂಟು ಸಾಲು, ತುಂಬಿದ ಚೌಕ, ಖಾಲಿ ಚೌಕ. ಇದು ನಕ್ಷೆಯೇ. ಯಾವ ದೇಶದ ಭಾಷೆಯಾದರೂ ಸರಿ, ಚೌಕದಲ್ಲಿ ಬರೆದರೆ ನನಗೆ ತಿಳಿಯುತ್ತದೆ. ಮೂರನೆಯ ಗುಂಡಿ ಮೇಲಿದ್ದರೆ ಪ್ರಿಂಟರು ಚೌಕ ಹೊಡೆಯುತ್ತದೆ. ಕೆಳಗಿದ್ದರೆ ಅದೇ ಚೌಕಗಳ ಜಾಗದಲ್ಲಿ ಓರೆ ಅಕ್ಷರ ಹೊಡೆಯುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಇತ್ತು. ಅದನ್ನು ನಿಘಂಟು ಹಿಡಿದು ಓದಿದೆ: ಗುಂಡಿ ತಿರುಗಿಸಿದ್ದು ಪ್ರಿಂಟರಿಗೆ ಗೊತ್ತಾಗುವುದು ಕರೆಂಟು ತೆಗೆದು ಮತ್ತೆ ಹಾಕಿದಾಗಲೇ.

ಎಂದರೆ ಇವತ್ತು ತಿರುಗಿಸಿದವನು ನಾಳೆ ಕೆಡುವ ಹೊತ್ತಿಗೆ ಮೂರು ಮನೆ ಆಚೆ ಚಹಾ ಕುಡಿಯುತ್ತಿರಬಹುದು. ಇಷ್ಟು ಅನುಕೂಲ ಮಾಡಿಕೊಟ್ಟವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

೨೦ ಜನವರಿ, ಶುಕ್ರವಾರ

ಸಂಜೆ ಐದಕ್ಕೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ನಕ್ಷೆ ಬರೆಯುವ ಪೆನ್ನಿನ ಮೊನೆಯಿಂದ ಮೂರನೆಯ ಗುಂಡಿಯನ್ನು ಕೆಳಕ್ಕೆ ಒತ್ತಿದೆ. ಅಲ್ಲೇ ಬಗ್ಗಿ ನಿಂತು ಒಂದು ಚಿಟಿಕೆ ತಪಕೀರಿನ ನಶ್ಯ ಮೂಗಿಗೆ ಏರಿಸಿ ಸಮಾಧಾನ ಮಾಡಿಕೊಂಡೆ. ತಪಕೀರಿನ ಡಬ್ಬಿಯೊಂದು ಇಲ್ಲದಿದ್ದರೆ ನನ್ನ ಜೀವನದ ಅರ್ಧ ಧೈರ್ಯ ಇರುತ್ತಿರಲಿಲ್ಲ.

೨೧ ಜನವರಿ, ಶನಿವಾರ

ಬಂತು. ಸೆರಗು ಇರಬೇಕಾದಲ್ಲಿ ಸಾಲುಸಾಲು ಓರೆ ಅಕ್ಷರ, ಗಾಳಿಗೆ ಬಾಗಿದ ಜೋಳದ ಪೈರಿನ ಹಾಗೆ. ಹೊಳಬಸಪ್ಪನವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಯಾವ ಹೆಣ್ಣುಮಗಳು ಉಡುತ್ತಾಳೆ ಎಂದು ಕೇಳಿದರು. ನಾನು ಬಹಳ ದುಃಖದ ಮುಖ ಮಾಡಿಕೊಂಡು ನನ್ನ ಮೇಜಿಗೆ ಹೋಗಿ ಪೆನ್ಸಿಲ್ ಚೂಪು ಮಾಡಿದೆ. ಅಷ್ಟು ಚೂಪಾದ ಪೆನ್ಸಿಲು ಈ ವರ್ಷ ಮಾಡಿರಲಿಲ್ಲ.

೨೬ ಜನವರಿ, ಗುರುವಾರ

ಧ್ವಜ ಹಾರಿಸಿ ಬೂಂದಿ ಹಂಚಿದರು. ಸಂಗವ್ವ ತನ್ನ ಪಾಲಿನ ಬೂಂದಿ ಮುಟ್ಟದೆ ಮಷೀನಿನ ಮುಂದೆ ಕೂತಿದ್ದಳು. ಐದು ದಿನದಿಂದ ಅವಳು ಪ್ರೋಗ್ರಾಮಿನ ಪುಸ್ತಕವನ್ನೇ ಓದುತ್ತಿದ್ದಾಳೆ. ಪ್ರಿಂಟರಿನ ಪುಸ್ತಕ ಅವಳಿಗೆ ಸಿಗುತ್ತಿಲ್ಲ. ಸಿಗುವುದು ಹೇಗೆ, ಅದು ನನ್ನ ಡ್ರಾಯರಿನಲ್ಲಿದೆ.

ಬೂಂದಿ ಇವತ್ತು ಯಾಕೋ ಸಪ್ಪೆಯಾಗಿತ್ತು.

೨ ಫೆಬ್ರವರಿ, ಗುರುವಾರ

ಬಾಗಲಕೋಟೆಯ ಅಂಗಡಿಯಿಂದ ಮೆಕ್ಯಾನಿಕ್ ದುರ್ಗಪ್ಪ ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಸೂಟ್‌ಕೇಸು. ಪ್ರಿಂಟರಿನ ಹತ್ತಿರ ಬಂದಾಗ ನಾನು ಡ್ರಾಯರಿಗೆ ಬೀಗ ಹಾಕಿದೆ. ಪುಣ್ಯಾತ್ಮ ಅದರ ಮುಚ್ಚಳವನ್ನು ಮುಟ್ಟಲೂ ಇಲ್ಲ. ಪ್ರಿಂಟರು ಗಟ್ಟಿಮುಟ್ಟಾಗಿದೆ, ನಿಮ್ಮ ಡಾಸ್ ಹಳೆಯದು, ಅದು ಎರಡನೆಯದು, ಈಗ ಮೂರನೆಯದು ಬಂದಿದೆ, ಅದನ್ನು ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮಪ್ಪ ಹೇಳುತ್ತಿದ್ದ. ಆ ಬರೆ ಹಾಕುವವನನ್ನು ಇವತ್ತು ಕಣ್ಣಾರೆ ಕಂಡೆ. ಒಂದಾದ ಮೇಲೊಂದು ಫ್ಲಾಪಿ ತುರುಕಿ ಹಳೆಯ ಯಜಮಾನನನ್ನು ಇಳಿಸಿ ಹೊಸಬನನ್ನು ಕೂರಿಸಿದ. ಮೂರು ಗಂಟೆಯ ಬಸ್ಸಿಗೆ ಹೊತ್ತಾಯಿತೆಂದು ಪ್ರಿಂಟ್ ತೆಗೆದು ನೋಡದೆಯೇ ಹೋದ.

೩ ಫೆಬ್ರವರಿ, ಶುಕ್ರವಾರ

ಈಗ ಓರೆ ಅಕ್ಷರವೂ ಇಲ್ಲ. ನಕ್ಷೆಯ ಪ್ರೋಗ್ರಾಮು ಪ್ರಿಂಟರಿನ ಡ್ರೈವರ್ ಕಾಣುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ಕೈ ಕಟ್ಟಿ ನಿಲ್ಲುತ್ತದೆ. ನಾನು ಒಂದು ಕಲ್ಲೆಸೆದೆ, ದುರ್ಗಪ್ಪ ಇಡೀ ಗೋಡೆಯನ್ನೇ ಬೀಳಿಸಿದ. ಖುಷಿಯಾಗಬೇಕಿತ್ತು. ಆಯಿತು ಕೂಡ, ಮಧ್ಯಾಹ್ನದವರೆಗೆ.

೧೩ ಫೆಬ್ರವರಿ, ಸೋಮವಾರ

ಸಂಗವ್ವನ ಪಕ್ಕದಲ್ಲಿ ಕೂರಲು ಶುರು ಮಾಡಿದ್ದೇನೆ. ಎದುರಾಳಿ ಎಷ್ಟು ದಿನ ತಡೆಯುತ್ತಾಳೆ ನೋಡಲಿಕ್ಕೆ ಮಾತ್ರ. ಅವಳು ಒತ್ತಿದ ಕೀ, ಬಂದ ಉತ್ತರ, ಎಲ್ಲವನ್ನೂ ಇನ್ನೊಂದು ಚೌಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಅವಳು ಮಾಡಿದ್ದನ್ನೇ ಮರೆತು ಎರಡು ಸಲ ಮಾಡುತ್ತಿದ್ದಳು. ಈಗ ನನ್ನ ಪುಸ್ತಕ ನೋಡಿ ಮುಂದೆ ಹೋಗುತ್ತಾಳೆ. ಶತ್ರುವಿಗೆ ಇದರಿಂದ ಸ್ವಲ್ಪ ಸಹಾಯವಾಗುತ್ತಿರಬಹುದು. ಇರಲಿ, ಲೆಕ್ಕಕ್ಕೆ ಬರುವಷ್ಟಲ್ಲ.

ಡ್ರೈವರಿನ ಫೈಲು ಒಳಗೇ ಇದೆಯಂತೆ. ದುರ್ಗಪ್ಪ ಅದನ್ನು ಅಳಿಸಿಲ್ಲ. ಮನೆಯಲ್ಲೇ ಇದ್ದುಕೊಂಡು ಕರೆದರೆ ಓಗೊಡದ ಗಂಡಸಿನ ಹಾಗೆ. ಈ ಹೋಲಿಕೆಯನ್ನು ಬಸಲಿಂಗವ್ವನಿಗೆ ಹೇಳಿದ್ದಕ್ಕೆ, ಅಂಥವನನ್ನು ಸರಿಮಾಡುವುದು ಗೊತ್ತಾದರೆ ನನಗೂ ಹೇಳಿ ಎಂದಳು.

೨೧ ಫೆಬ್ರವರಿ, ಮಂಗಳವಾರ

ದುರ್ಗಪ್ಪನಿಂದ ಕಾರ್ಡು ಬಂತು. ನಿಮ್ಮ ಹಳೆಯ ಪ್ರೋಗ್ರಾಮು ಹೊಸ ಡಾಸಿಗೆ ಒಗ್ಗುವುದಿಲ್ಲ, ಬೇರೆಯದು ತರಿಸಿ ಎಂದಿದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಒಗ್ಗದ್ದೇನು? ಜನವರಿಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದ ಪ್ರೋಗ್ರಾಮು ಅದು. ಒಂದು ಚೌಕ ತಪ್ಪಿರಲಿಲ್ಲ, ನಾನೇ ಭೂತಗನ್ನಡಿ ಹಿಡಿದು ನೋಡಿದ್ದೇನೆ. ಬಾಗಲಕೋಟೆಯಲ್ಲಿ ಕನ್ನಡಕ ಹಾಕಿಕೊಂಡು ಕೂತವನಿಗೆ ಅದರ ಯೋಗ್ಯತೆ ಏನು ಗೊತ್ತು.

ಸಂಗವ್ವ ಕಾರ್ಡು ಓದಿ ನಳದ ಕಡೆ ಹೋದಳು. ಬಹಳ ಹೊತ್ತು ನೀರಿನ ಸದ್ದು ಬರುತ್ತಿತ್ತು. ಬಂದಾಗ ಮುಖ ತೊಳೆದಿದ್ದಳು, ಕಣ್ಣು ಮಾತ್ರ ಕೆಂಪು.

"ಮನ್ಯಾಗ ನಮ್ಮವ್ವ ರಾಟಿಗೆ ಎಣ್ಣಿ ಬಿಟ್ಟ ಇಟ್ಟಾಳ್ರಿ," ಎಂದಳು. "ಹೆಂಗೂ ತಿಂಗಳಾದ ಮ್ಯಾಲ ಬರಾಕಿ ಅಂತ."

ಪ್ರಿಂಟರಿನ ಪುಸ್ತಕವನ್ನು ಡ್ರಾಯರಿನಿಂದ ತೆಗೆದು ಕಪಾಟಿನಲ್ಲಿ ಇಟ್ಟೆ. ಈಗ ಅದರಿಂದ ಅವಳಿಗೆ ಪ್ರಯೋಜನವಿಲ್ಲ, ಆದರೂ ಇಟ್ಟೆ.

೭ ಮಾರ್ಚ್, ಮಂಗಳವಾರ. ಅಮಾವಾಸ್ಯೆ

ಇವತ್ತು ಊರಿನ ಒಂದು ಮಗ್ಗವೂ ಸದ್ದು ಮಾಡುವುದಿಲ್ಲ. ಅಮಾವಾಸ್ಯೆ ನೇಕಾರರಿಗೆ ರಜೆ, ಸೊಸೈಟಿಗೂ ಬೀಗ. ಛತ್ರಿ ಮರೆತು ಬಂದಿದ್ದೆನೆಂದು ಕೀಲಿಕೈ ಇಸಿದುಕೊಂಡು ತರಲು ಹೋದೆ. ಬೆಳಿಗ್ಗೆ ಹತ್ತಕ್ಕೆ ಹೋದವನು ಛತ್ರಿ ಸಿಕ್ಕಿ ಮನೆಗೆ ಬರುವ ಹೊತ್ತಿಗೆ ಸಂಜೆ ಐದಾಗಿತ್ತು. ಮಾರ್ಚ್ ತಿಂಗಳಲ್ಲಿ ಯಾವ ಮಳೆಗೆ ಛತ್ರಿ ಎಂದು ಬಸಲಿಂಗವ್ವ ಕೇಳಿದಳು. ಬಿಸಿಲಿಗೆ ಎಂದೆ.

ಹಳೆಯ ಡಾಸಿನ ಫ್ಲಾಪಿ ಹುಡುಕಿ, ಅದರಲ್ಲಿದ್ದ ಫೈಲುಗಳನ್ನೆಲ್ಲ ಹೊಸದರ ಮೇಲೆ ಒಟ್ಟಿಗೆ ಸುರಿದು ನೋಡಿದೆ. ಮಷೀನು ಏಳಲೇ ಇಲ್ಲ. ಒಂದೇ ಮನೆಗೆ ಇಬ್ಬರು ಯಜಮಾನರಾದರೆ ಇನ್ನೇನಾಗುತ್ತದೆ. ದುರ್ಗಪ್ಪ ಬಿಟ್ಟುಹೋದ ಫ್ಲಾಪಿ ಹಾಕಿ, ಪುಸ್ತಕ ನೋಡಿ, ಎರಡು ಗಂಟೆ ಒದ್ದಾಡಿ ಮತ್ತೆ ಎಬ್ಬಿಸಿದೆ. ಅದು ಎದ್ದು ಪರದೆಯ ಮೇಲೆ ಕಣ್ಣು ಮಿಟುಕಿಸಿದಾಗ ಒಬ್ಬನೇ ನಕ್ಕೆ. ಅದನ್ನು ಇಲ್ಲಿ ಬರೆಯಬಾರದಿತ್ತು.

೯ ಮಾರ್ಚ್, ಗುರುವಾರ

ಹಜರತಬಿ ಇವತ್ತು ಸೊಸೈಟಿಯ ಮಗ್ಗದಲ್ಲಿ ಎಳೆ ಕೂಡಿಸುತ್ತಿದ್ದಳು. ಅರವತ್ತು ದಾಟಿದ ಮುದುಕಿ. ಈ ಊರಿನಲ್ಲಿ ಅವಳ ಬೆರಳು ಮುಟ್ಟದ ಹಾಸಿಲ್ಲ, ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳ ಹಾಸು. ಒಂದು ಹಾಸು ನೇಯ್ದು ಮುಗಿದಾಗ ಅದನ್ನು ಮಗ್ಗದಿಂದ ಪೂರ್ತಿ ಕಡಿದು ತೆಗೆಯುವುದಿಲ್ಲ. ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ ಹಳೆಯ ಎಳೆಗಳ ತುದಿ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನು ಅದರದರ ಹಳೆಯ ತುದಿಗೆ ಹೊಸೆಯುತ್ತಾರೆ. ಆಮೇಲೆ ಎಳೆದರೆ ಹೊಸದು ತಾನಾಗಿ ತನ್ನ ಹಲ್ಲು ಹುಡುಕಿಕೊಂಡು ಹೋಗುತ್ತದೆ.

ಅವಳ ಪಕ್ಕ ಕೂತು ನಮ್ಮ ಗೋಳು ಹೇಳಿಕೊಂಡೆ. ದುರ್ಗಪ್ಪ ಹಳೆಯ ಯಜಮಾನನನ್ನು ತೆಗೆದು ಹೊಸಬನನ್ನು ಕೂರಿಸಿದ, ಆಳು ಅಲ್ಲೇ ಇದ್ದಾನೆ, ದುಭಾಷಿ ಅಲ್ಲೇ ಇದ್ದಾನೆ, ಯಾರೂ ಯಾರನ್ನೂ ಗುರುತಿಸುತ್ತಿಲ್ಲ. ನಾನು ಹಳೆಯದನ್ನೆಲ್ಲ ತಂದು ಸುರಿದೆ, ಅದೂ ಆಗಲಿಲ್ಲ. ಮುದುಕಿ ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಆ ಮನಶ್ಯಾ ಹಳೇ ತುದಿ ಬಿಡದನ ಕಡದಾನ್ರಿ," ಎಂದಳು. "ನೀವು ಇಡೀ ಹಳೇ ಹಾಸನ್ನ ತಂದು ಮ್ಯಾಲ ಹಾಕೀರಿ. ಎರಡೂ ತಪ್ಪು. ಯಾವ ಎಳಿ ಬೇಕೋ ಅಷ್ಟ ತುದಿ ಹುಡುಕಿ ಹೊಸೀರಿ."

ಯಾವ ಎಳೆ? ನನ್ನ ತಲೆಯಲ್ಲಿ ಏನೋ ಮಿಸುಕಿತು. ಯಜಮಾನ ಬೆಳಿಗ್ಗೆ ಎದ್ದು ನೋಡುವ ಚೀಟಿ. ಹೊಸ ಯಜಮಾನ ತನ್ನದೇ ಹೊಸ ಚೀಟಿ ತಂದಿದ್ದಾನೆ, ಅದರಲ್ಲಿ ನಮ್ಮ ದುಭಾಷಿಯ ಹೆಸರೇ ಇಲ್ಲ. ಹಳೆಯ ಚೀಟಿ ಅಳಿದುಹೋಗಿದೆ. ನಿನ್ನೆ ಸಂಗವ್ವ ಅದರಲ್ಲಿ ಏನಿತ್ತೆಂದು ನೆನಪಿಸಿಕೊಳ್ಳಲು ನೋಡಿ ಸೋತಿದ್ದಳು. ಒಂದು ಚುಕ್ಕೆ ತಪ್ಪಿದರೂ ನಡೆಯುವುದಿಲ್ಲವಂತೆ.

ಜನವರಿ ಹನ್ನೊಂದರಂದು ನಾನು ಅದನ್ನು ಚೌಕಕ್ಕೊಂದು ಅಕ್ಷರದಂತೆ ಇಳಿಸಿಕೊಂಡಿದ್ದೇನೆ.

೧೦ ಮಾರ್ಚ್, ಶುಕ್ರವಾರ

ಆ ಪುಸ್ತಕ ಸಿಗಲಿಲ್ಲ. ಮನೆಯಲ್ಲಿ ಮೂರು ಟ್ರಂಕು ತಲೆಕೆಳಗೆ ಮಾಡಿದೆ. ಕೊನೆಗೆ ಬಸಲಿಂಗವ್ವ ಹಪ್ಪಳದ ಡಬ್ಬಿಯ ತಳದಿಂದ ತೆಗೆದುಕೊಟ್ಟಳು. ದಪ್ಪ ಹಾಳೆ, ಎಣ್ಣೆ ಚೆನ್ನಾಗಿ ಹೀರುತ್ತದೆ ಎಂದು ಹಾಸಿದ್ದಳಂತೆ. ಬೈಯಲು ಬಾಯಿ ತೆರೆದೆ. ಪುಟ ತಿರುವಿದರೆ ಮೂರೂ ಸಾಲು ಎಣ್ಣೆಯಲ್ಲಿ ಮಿಂದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಬಾಯಿ ಮುಚ್ಚಿಕೊಂಡು ಒಂದು ಹಪ್ಪಳ ತಿಂದೆ.

೧೧ ಮಾರ್ಚ್, ಶನಿವಾರ

ಸಂಗವ್ವ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ನಾನು ಒಂದೊಂದೇ ಚೌಕ ಓದುತ್ತ ಹೋದೆ, ಅವಳು ಹೊಸ ಚೀಟಿಯ ಕೆಳಗೆ ಒಂದೊಂದೇ ಅಕ್ಷರ ಒತ್ತುತ್ತ ಹೋದಳು. ಮೂರು ಸಾಲಿನಲ್ಲಿ ನಮಗೆ ಬೇಕಾದದ್ದು ಎರಡೇ. ಮೂರನೆಯದು ಹೊಸ ಚೀಟಿಯಲ್ಲಿ ಆಗಲೇ ಇತ್ತು. ಎರಡು ಎಳೆ ಹೊಸೆದೆವು. ಮಷೀನನ್ನು ಮಲಗಿಸಿ ಎಬ್ಬಿಸಿದಾಗ ಪರದೆಯ ಮೇಲೆ ದುಭಾಷಿಯ ಹೆಸರು ಬಂತು. ಸಂಗವ್ವ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣಿಗೆ ತಪಕೀರು ಹೋಗಿತ್ತು.

ಪ್ರಿಂಟ್ ತೆಗೆದು ನೋಡೋಣವೆಂದರೆ ಮಸಿಪಟ್ಟಿ ಒಣಗಿ ಕಟ್ಟಿಗೆಯಾಗಿದೆ. ಹೊಸದಕ್ಕೆ ಬಾಗಲಕೋಟೆಗೆ ಬರೆದಿದ್ದೇವೆ. ನಾವು ಎಂದು ಬರೆದೆನೇ? ಬರೆದೆ. ಹೊಡೆದುಹಾಕಿದರೆ ಹಾಳೆ ಹೊಲಸಾಗುತ್ತದೆ, ಇರಲಿ.

೧೮ ಮಾರ್ಚ್, ಶನಿವಾರ

ಗಡುವಿನ ದಿನ. ಮಸಿಪಟ್ಟಿ ಬೆಳಗಿನ ಬಸ್ಸಿಗೆ ಬಂತು. ಹನ್ನೊಂದಕ್ಕೆ ಹೊಳಬಸಪ್ಪನವರು, ಅವರ ಹಿಂದೆ ಸೊಸೈಟಿಯ ಪಂಚರು, ಅವರ ಹಿಂದೆ ಅರ್ಧ ಊರು. ಮಷೀನನ್ನು ಒಯ್ಯಲು ದುರ್ಗಪ್ಪ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದ್ದ. ಹಜರತಬಿ ಕಿಟಕಿಯ ಹೊರಗೆ ನಿಂತಿದ್ದಳು. ಸಂಗವ್ವ ಕೀ ಒತ್ತಿದಳು. ಪ್ರಿಂಟರು ಕಿರಕಿರ ಎಂದಿತು. ಮೊದಲ ಸಾಲು ಹೊರಗೆ ಬಂತು.

ಓರೆ ಅಕ್ಷರ.

ನನಗೆ ಎಲ್ಲಿತ್ತೋ ಸಿಟ್ಟು. ಹಗಲಿಡೀ ಕೂತು ಮಾಡಿದ ಕೆಲಸ, ಎರಡು ಪುಸ್ತಕ ತುಂಬ ಬರೆದಿದ್ದೇನೆ, ಎಲ್ಲ ಸರಿಯಿದೆ, ಯಾವನೋ ಕೈಯಾಡಿಸಿದ್ದಾನೆ ಎಂದು ದುರ್ಗಪ್ಪನ ಕಡೆ ತಿರುಗಿ ಬಾಯಿಗೆ ಬಂದಂತೆ ಅಂದೆ. ಇಂಥ ನೀಚ ಕೆಲಸ ಮಾಡಿದವನ ಕೈ ಸೇದಿಹೋಗಲಿ ಎಂದೂ ಅಂದೆ. ಹಾಗೆ ಅಂದ ಮೇಲೆ ನನ್ನ ಬಲಗೈ ನೋಡಿಕೊಂಡೆ.

ಆಣೆ ಮಾಡಿ ಬರೆಯುತ್ತೇನೆ, ನಾನು ಮರೆತೇಬಿಟ್ಟಿದ್ದೆ. ಡ್ರೈವರಿನ ಹಿಂದೆ ಬಿದ್ದ ಮೇಲೆ ಆ ಮೂರನೆಯ ಗುಂಡಿ ಇನ್ನೂ ಕೆಳಗೇ ಇದೆಯೆಂಬುದು ಒಂದು ಸಲವೂ ನೆನಪಾಗಿರಲಿಲ್ಲ.

ಹೊಳಬಸಪ್ಪನವರು ದುರ್ಗಪ್ಪನಿಗೆ ಟೆಂಪೋದ ಹಿಂದಿನ ಬಾಗಿಲು ತೆಗೆಯಲು ಹೇಳಿದರು. ಸಂಗವ್ವ ಯಾರನ್ನೂ ನೋಡದೆ ಮೇಜಿನ ಮೇಲಿದ್ದ ತನ್ನ ಊಟದ ಡಬ್ಬಿ, ಪೆನ್ನು, ಬಾಚಣಿಗೆಯನ್ನು ಚೀಲಕ್ಕೆ ಹಾಕತೊಡಗಿದಳು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಐದು ನಿಮಿಷದಲ್ಲಿ ನನ್ನ ಕುರ್ಚಿ ನನಗೆ ಉಳಿಯುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವಳು ಬಾಚಣಿಗೆ ಹಾಕುವುದನ್ನು ನನಗೆ ನೋಡಲಾಗಲಿಲ್ಲ.

"ಎಲ್ಲಾರೂ ಹೊರಗ ಹೋಗಿ ಚಾ ಕುಡದ ಬರ್ರಿ," ಎಂದೆ. "ಮಷೀನಿಗೆ ಮಂದಿ ಬಿಸಿ ತಡಿಯೂದಿಲ್ಲ."

ಐವತ್ತಾರು ವರ್ಷದ ಮುದುಕ ಗಂಭೀರವಾಗಿ ಸುಳ್ಳು ಹೇಳಿದರೆ ಜನ ನಂಬುತ್ತಾರೆ. ಹೋದರು. ಸಂಗವ್ವ ಕೊನೆಯಲ್ಲಿ, ಬಾಗಿಲಲ್ಲಿ ಒಮ್ಮೆ ನಿಂತು, ನನ್ನ ಕೈಯಲ್ಲಿದ್ದ ಪೆನ್ನು ನೋಡಿ ಹೋದಳು. ಪೆನ್ನಿನ ಮೊನೆ ಹಾಕಿ ಗುಂಡಿ ಮೇಲೆತ್ತಿದೆ. ಪ್ರಿಂಟರಿನ ಕರೆಂಟು ತೆಗೆದು, ಹತ್ತು ಎಣಿಸಿ, ಮತ್ತೆ ಹಾಕಿದೆ. ಅವರು ಬಂದಾಗ ಸೆರಗು ಅರ್ಧ ಹೊರಗೆ ಬಂದಿತ್ತು, ತೆನೆಯ ಮೇಲೆ ತೆನೆ, ಒಂದು ಚೌಕ ಕೂಡ ಆಚೀಚೆ ಇಲ್ಲ. ಪಂಚರು ಚಪ್ಪಾಳೆ ಹೊಡೆದರು. ಏನು ಮಾಡಿದಿರಿ ಎಂದು ದುರ್ಗಪ್ಪ ಕೇಳಿದ್ದಕ್ಕೆ, ಅದು ಅನುಭವದಿಂದ ಬರುವಂಥದ್ದು ಎಂದೆ.

ಮಷೀನು ಉಳಿಯಿತು. ಸಂಗವ್ವನನ್ನು ಕಾಯಂ ಮಾಡಿದರು. ಪ್ರಿಂಟರು ಹೊಡೆದ ಎರಡನೆಯ ಹಾಳೆ ನನ್ನ ವರ್ಗದ ಆದೇಶ: ಸೋಮವಾರದಿಂದ ಬಾದಾಮಿ. ಹೊಳಬಸಪ್ಪನವರು ಮಾತಿಗೆ ತಪ್ಪುವವರಲ್ಲ. ಮಾಡಿದ್ದುಣ್ಣೋ ಮಹರಾಯ. ಆದೇಶದ ಅಕ್ಷರಗಳು ಬಹಳ ನೆಟ್ಟಗೆ, ಚೆಂದ ಬಂದಿದ್ದವು.

೧೯ ಮಾರ್ಚ್, ಭಾನುವಾರ

ಚೀಲ ಕಟ್ಟಿದ್ದಾಯಿತು. ಮಂಗಗಳನ್ನು ಓಡಿಸಲಿಕ್ಕೆಂದು ಬಸಲಿಂಗವ್ವ ಒಂದು ಕೋಲನ್ನೂ ಇಟ್ಟಿದ್ದಾಳೆ. ತಮಾಷೆಗೆ ಇಟ್ಟಳು, ಆದರೆ ನಗಲಿಲ್ಲ. ನಾನೂ ನಗಲಿಲ್ಲ. ನನಗೆ ಹೋಗಲು ಮನಸ್ಸಿಲ್ಲ. ಕುರ್ಚಿಗಾಗಿ ಅಲ್ಲ, ಅದನ್ನು ಯಾವಾಗ ಬಿಟ್ಟೆನೋ ನನಗೇ ಗೊತ್ತಿಲ್ಲ. ಹೊಸ ಡಾಸಿನ ಪುಸ್ತಕದಲ್ಲಿ ಇನ್ನೂ ನೂರಾ ಹತ್ತು ಪುಟ ಓದುವುದು ಬಾಕಿಯಿದೆ.

೨೦ ಮಾರ್ಚ್, ಸೋಮವಾರ

ಬಾದಾಮಿಯ ಬಸ್ಸು ಹನ್ನೊಂದಕ್ಕೆ. ಕಪಾಟಿನ ಕೀಲಿಕೈ ಒಪ್ಪಿಸಲು ಹತ್ತಕ್ಕೆ ಸೊಸೈಟಿಗೆ ಹೋದೆ. ಒಳಗೆ ಗಲಾಟೆ. ಹುನಗುಂದದ ಶಾಖೆಗೆ ಕಳಿಸಬೇಕಾದ ಅಂಚಿನ ನಕ್ಷೆಗಳು ಬೆಳಿಗ್ಗೆಯಿಂದ ಓರೆ ಅಕ್ಷರವಾಗಿ ಬರುತ್ತಿವೆ. ಹೊಳಬಸಪ್ಪನವರ ಕೈಯಲ್ಲಿ ಅಂಥ ಹತ್ತು ಹಾಳೆ. ಅವರು ನನ್ನ ಕಡೆ ನೋಡಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಮಾತು ಸುಳ್ಳಲ್ಲ. ಈ ಸಲ ನಾನು ಏನೂ ಮಾಡಿರಲಿಲ್ಲ, ಆದರೂ ಮುಖ ಬಿಸಿಯಾಯಿತು.

ಸಂಗವ್ವ ಕೈ ಕಟ್ಟಿಕೊಂಡು, ದೇವರ ಮುಂದೆ ನಿಂತವ‌ಳಂತೆ ತಲೆ ತಗ್ಗಿಸಿ ನಿಂತಿದ್ದಳು.

"ನಂಗೇನೂ ತಿಳಿವಲ್ದುರಿ," ಎಂದಳು ಚೇರ್ಮನ್ನರಿಗೆ. "ಇದು ಅಮಾತೆಪ್ಪನವರ ಕೈಗಷ್ಟ ಬಗ್ಗತೈತಿ. ಅವರು ಬಾದಾಮಿಗೆ ಹ್ವಾದ್ರ ಮಷೀನ ಬಾಗಲಕೋಟಿಗೆ ಕಳಸೂದ ಚಲೋರಿ."

ಎಲ್ಲರನ್ನೂ ಚಹಾಕ್ಕೆ ಕಳಿಸಿದೆ. ಈಗ ಅದು ಪದ್ಧತಿಯೇ ಆಗಿಬಿಟ್ಟಿದೆ, ಯಾರೂ ಯಾಕೆಂದು ಕೇಳಲಿಲ್ಲ. ಮುಚ್ಚಳ ತೆಗೆದೆ. ಮೂರನೆಯ ಗುಂಡಿ ಕೆಳಗಿತ್ತು. ಸಂದಿಯೆಲ್ಲ ಹೊಸದಾಗಿ ಒರೆಸಿದಂತೆ ಚೊಕ್ಕಟವಾಗಿತ್ತು. ಗುಂಡಿಗಳ ಪಕ್ಕದಲ್ಲಿ ಹೆಂಗಸರು ತಲೆಗೆ ಚುಚ್ಚಿಕೊಳ್ಳುವ ಒಂದು ಕರಿಯ ಪಿನ್ನು ಇತ್ತು.

ಅದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಇಪ್ಪತ್ತೇಳು ವರ್ಷದಲ್ಲಿ ನನ್ನನ್ನು ಉಳಿಸಿಕೊಳ್ಳಲು ಈ ಸೊಸೈಟಿಯಲ್ಲಿ ಯಾರೂ ಏನನ್ನೂ ಕೆಡಿಸಿರಲಿಲ್ಲ. ಆಮೇಲೆ ಅದೇ ಪಿನ್ನಿನಿಂದ ಗುಂಡಿಯನ್ನು ಮೇಲೆತ್ತಿದೆ. ಅದಕ್ಕೆ ಪೆನ್ನಿನ ಮೊನೆಗಿಂತ ಪಿನ್ನೇ ಅನುಕೂಲ.

ನಕ್ಷೆ ನೆಟ್ಟಗೆ ಬಂತು. ಹೊಳಬಸಪ್ಪನವರು ನನ್ನ ಆದೇಶವನ್ನು ತರಿಸಿ ನಡುವೆ ಹರಿದರು. ಮಷೀನು ಇರುವವರೆಗೆ ನೀವೂ ಇಲ್ಲೇ ಇರಿ, ಬಾದಾಮಿಗೆ ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದರು. ಹನ್ನೊಂದರ ಬಸ್ಸು ಹಾರ್ನ್ ಹೊಡೆಯುತ್ತ ಸೊಸೈಟಿಯ ಮುಂದೆ ಹಾದುಹೋಯಿತು.

ಎಲ್ಲರೂ ಚದುರಿದ ಮೇಲೆ ಪಿನ್ನನ್ನು ಸಂಗವ್ವನ ಮೇಜಿನ ಮೇಲೆ ಇಟ್ಟೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ಅದನ್ನು ಎತ್ತಿ ಜಡೆಗೆ ಸಿಕ್ಕಿಸಿಕೊಂಡಳು.

"ಜನವರಿಯಿಂದ ಆ ಮುಚ್ಚಳದಾಗ ತಪಕೀರ ಬಿದ್ದಿತ್ರಿ," ಎಂದಳು. "ಅದು ಯಾಕಂತ ಮೊನ್ನೆ ಶನಿವಾರ ಪ್ರಿಂಟರಿನ ಪುಸ್ತಕ ನೋಡಿದ ಮ್ಯಾಲ ತಿಳೀತು. ಇವತ್ತ ಒರಸೀನಿ."

ನಾನು ತಪಕೀರಿನ ಡಬ್ಬಿಯನ್ನು ಜೇಬಿನ ತಳಕ್ಕೆ ತಳ್ಳಿದೆ. ಅವಳು ಹೊಸ ನಕ್ಷೆಯೊಂದನ್ನು ತೆಗೆದು ಇದರಲ್ಲಿ ನವಿಲಿನ ಕಾಲು ಸರಿಯಿದೆಯೇ ನೋಡಿ ಎಂದಳು. ಸರಿಯಿರಲಿಲ್ಲ. ಮೂರು ಕಾಲಿದ್ದವು. ಅವಳು ಬೇಕೆಂದೇ ಬಿಡಿಸಿದ್ದಳೋ ಏನೋ, ನಾನು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಒಂದನ್ನು ಅಳಿಸಿದೆ.

ಇವತ್ತಿನ ಓರೆ ಅಕ್ಷರದ ಹಾಳೆಗಳಲ್ಲಿ ನನಗೆ ಸಿಕ್ಕಿದ್ದು ಇದೊಂದೇ, ಇದರ ಬೆನ್ನೂ ತುಂಬಿತು. ಪ್ರಿಂಟರು ನೆಟ್ಟಗಿರುವವರೆಗೆ ಬೇರೆ ಹಾಳೆ ಸಿಗುವುದಿಲ್ಲ. ಮತ್ತೆ ಬೇಕಾದಾಗ ಗುಂಡಿಯನ್ನು ಯಾರು ತಿರುಗಿಸಬೇಕೆಂದು ನಾವಿಬ್ಬರೂ ಇನ್ನೂ ಮಾತಾಡಿಕೊಂಡಿಲ್ಲ.